ಕಾಸಾ, ಕಸ ಮತ್ತು ಕಾಯಿದೆ

ಮನೆಗೊಬ್ಬ ವಕೀಲ ಇರಬೇಕು ಎಂಬ ಹಂಬಲ ಗೂಳಪ್ಪನವರಿಗೆ ಇಂದು ನಿನ್ನೆಯದಲ್ಲ. ಪುಣೆಯ ಕೋಥರೂಡಿನಲ್ಲಿದ್ದ ತಮ್ಮ ಸೊಸೈಟಿಯ ಪಾರ್ಕಿಂಗ್ ಜಗಳದಲ್ಲಿ ಸೋತಾಗಲೂ, ಮನೆಯಲ್ಲಿ ಹೆಂಡತಿ ಗೌರಾಬಾಯಿಯ ಮುಂದೆ ಸೋತಾಗಲೂ (ಮೊದಲನೆಯದು ಅಪರೂಪ, ಎರಡನೆಯದು ನಿತ್ಯವಿಧಿ) ಅವರು ತಮ್ಮನ್ನು ತಾವೇ ಸಂತೈಸಿಕೊಳ್ಳುತ್ತಿದ್ದದ್ದು ಒಂದೇ ಮಾತಿನಿಂದ: ಮಗಳು ಸ್ನೇಹಲ್ ಕರೀ ಕೋಟು ಹಾಕಲಿ, ಆಮೇಲೆ ನೋಡಿಕೊಳ್ಳೋಣ. ಸ್ನೇಹಲ್ ಹನ್ನೆರಡನೆಯ ತರಗತಿ ಪಾಸಾಗಿ ಇನ್ನೂ ಪೇಢೆ ಹಂಚಿ ಮುಗಿದಿರಲಿಲ್ಲ, ಅಪ್ಪ ಆಗಲೇ ಅವಳನ್ನು ಅಕ್ಕಪಕ್ಕದ ಮನೆಗಳಲ್ಲಿ ವಕೀಲೀಣಬಾಯಿ ಮಾಡಿಯಾಗಿತ್ತು.

ಅಂಥ ಮಗಳು ಒಂದು ಮುಂಜಾನೆ ಉಪ್ಪಿಟ್ಟು ತಿನ್ನುತ್ತ, ತನಗೆ ಕಾಯಿದೆ ಬೇಡ, ವಿಶ್ವವಿದ್ಯಾಲಯದಲ್ಲಿ ಇಟಾಲಿಯನ್ ಓದುತ್ತೇನೆ ಎಂದು ತಣ್ಣಗೆ ಹೇಳಿದಳು. ಗೂಳಪ್ಪನವರ ಚಮಚ ಬಾಯಿಯ ದಾರಿಯಲ್ಲೇ ನಿಂತಿತು. ನಮ್ಮ ಬೀಗರು ಬಿಜ್ಜರಲ್ಲಿ ಯಾರಾದರೂ ಇಟಲಿಯವರಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಯಾರ ಹತ್ತಿರ ಮಾತಾಡುತ್ತೀ ಎಂದರು. ವರ್ಷವಿಡೀ ಮೊಬೈಲಿನಲ್ಲಿ ನಾನೇ ಕಲಿತಿದ್ದೇನೆ, ಅದರ ಮೇಲೆ ಮನಸ್ಸು ಕೂತಿದೆ ಎಂದಳು. ವಾದ ಊಟದ ತನಕ ನಡೆಯಿತು, ಊಟ ಮಾತ್ರ ನಡೆಯಲಿಲ್ಲ. ಕೊನೆಗೆ ಗೌರಾಬಾಯಿ ತಮ್ಮ ಅಣ್ಣನಿಗೆ ಫೋನು ಹಚ್ಚಿದರು.

ಅಣ್ಣ ಬಸವಪ್ರಭು ಪುಣೆಗೆ ಹತ್ತಿರದ ಭೋರ್ ಪೇಟೆಯಲ್ಲಿ ಬಟ್ಟೆ ಅಂಗಡಿಯವರು. ಲಗ್ನವಿರಲಿ, ಪಾಲಿರಲಿ, ಆ ಮನೆತನದಲ್ಲಿ ಅವರು ಹೇಳಿದ್ದೇ ಕಡೆಯ ಮಾತು, ಅದರ ಮೇಲೆ ಅಪೀಲಿಲ್ಲ. ರವಿವಾರ ಬರುತ್ತೇನೆ, ಎರಡೂ ಕಡೆಯವರು ತಯಾರಿರಿ ಎಂದರು.

ಗೂಳಪ್ಪನವರು ತಯಾರಾದ ರೀತಿ ಯಾರಿಗೂ ಗೊತ್ತಿರಲಿಲ್ಲ. ಮಗಳ ಇಟಾಲಿಯನ್ ಪುಸ್ತಕವನ್ನು ಟಿಫಿನ್ ಚೀಲದಲ್ಲಿ ಅಡಗಿಸಿಕೊಂಡು, ಆ ಭಾಷೆಯ ಮಾನವನ್ನು ಅದರದೇ ಶಬ್ದಗಳಿಂದ ಕಳೆಯುವ ಘನೋದ್ದೇಶದಿಂದ ವಾರವಿಡೀ ಸಿಟಿ ಬಸ್ಸಿನಲ್ಲಿ ಗೊಣಗುತ್ತ ಆಫೀಸಿಗೆ ಹೋದರು. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಯಾವುದೋ ಸ್ತೋತ್ರವೆಂದು ತಿಳಿದು ಕೈ ಮುಗಿದಳು.

ರವಿವಾರ ಊಟವಾದ ಮೇಲೆ ನ್ಯಾಯಪೀಠವು ಸೋಫಾದ ಮೇಲೆ ಪದ್ಮಾಸನ ಹಾಕಿ ವೀಳ್ಯದೆಲೆ ಮಡಿಚಿತು. ಗೂಳಪ್ಪನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲ ಬಾಣವನ್ನೇ ಬಿಟ್ಟರು.

“ಕಸಾ.”

ಹಗಲೆಲ್ಲ ಗಿರಾಕಿಗಳ ಜೊತೆ ಮರಾಠಿಯಲ್ಲೇ ಬದುಕುವ ಬಸವಪ್ರಭು, ಉಂಡು ಕೈ ತೊಳೆದ ಮೇಲೆ ತಂಗಿಯ ಗಂಡ ತಮ್ಮನ್ನು ಹೇಗಿದ್ದೀರಿ ಎಂದು ಯಾಕೆ ಕೇಳುತ್ತಿದ್ದಾರೆಂದು ತಿಳಿಯದೆ, ಚೆನ್ನಾಗಿದ್ದೇನೆಂಬ ಅರ್ಥದಲ್ಲಿ “ಬರಾ ಆಹೆ” ಎಂದರು.

ಕ್ಷೇಮಸಮಾಚಾರ ಅಲ್ಲ ಎಂದು ಗೂಳಪ್ಪನವರು ತಿದ್ದಿದರು. “ಇವರ ಭಾಷಾದಾಗ ಮನೀಗೆ ಕಸಾ ಅಂತಾರ್ರಿ. ಮನೀನ ಕಸ ಅನ್ನೋ ಮಂದಿ ಕಡೆ ನಮ್ಮ ಹುಡುಗಿ ಏನ್ ಸಂಸ್ಕಾರ ಕಲೀತಾಳ?”

ನ್ಯಾಯಪೀಠದ ಹುಬ್ಬು ಮೇಲೇರಿತು. ಅದು ಕಸಾ ಅಲ್ಲ, ಕಾಸಾ ಎಂದು ಸ್ನೇಹಲ್ ಮೆಲ್ಲಗೆ ಹೇಳುವಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಗೌರಾಬಾಯಿಯ ಧ್ವನಿ ಬಂತು.

“ಕಸ ಅಂದ್ರೂ ತಪ್ಪಿಲ್ಲೇಳು. ದಿನಾ ಉಡುಗೋ ಹೆಣ್ಮಗಳ ಇಟ್ಟ ಹೆಸರದು.”

ಸ್ವಂತ ಸಾಕ್ಷಿ ಹೀಗೆ ತಿರುಗಿ ಬಿದ್ದರೂ ಗೂಳಪ್ಪನವರು ಧೃತಿಗೆಡದೆ, ಆ ಜನ ಚೆಲುವೆಗೆ ಬೆಲ್ಲಾ ಅನ್ನುತ್ತಾರೆ, ಹೆಂಗಸರೇನು ಕಿಲೋ ಲೆಕ್ಕದಲ್ಲಿ ಸಿಗುತ್ತಾರೆಯೇ ಎಂದು ಗುಡುಗಿದರು. ಗೌರಾಬಾಯಿ ಇದು ಖರೇನೇ ಎಂದು ಮಗಳನ್ನು ಕೇಳಿ, ಖರೇ ಎಂದು ತಿಳಿದ ಮೇಲೆ ಅಲ್ಲೇ ನೆಲದ ಮೇಲೆ ಮಗಳ ಪಕ್ಕ ಬಂದು ಕೂತರು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಂದ ಅವರಿಗೆ ಉಪ್ಪು ಎನ್ನಿಸಿಕೊಳ್ಳುವ ಯೋಗವೂ ಬಂದಿರಲಿಲ್ಲ.

ಈಗ ಸ್ನೇಹಲ್ ಪಾಟೀಸವಾಲಿಗೆ ಎದ್ದಳು. ಇಷ್ಟೆಲ್ಲ ಎಷ್ಟು ದಿನದಲ್ಲಿ ಕಲಿತಿರಿ ಎಂದು ಅಪ್ಪನನ್ನು ಕೇಳಿದಳು. ಒಂದೇ ವಾರ ಎಂದು ಅಪ್ಪ ಎದೆ ಉಬ್ಬಿಸಿದರು.

“ಹೆಂಗನಿಸ್ತಪ್ಪಾ?”

“ಭಾಳ ಚಂದ ಅದ ಬಿಡು. ಬಾಯಾಗ ತಾನ ಉರುಳ್ತದ.”

ಆಡಿದ ಮೇಲೆ ಅವರಿಗೆ ತಾವೇನು ಆಡಿದೆವೆಂದು ತಿಳಿಯಿತು. ಮುಳುಗುವಾಗ ಕೈಗೆ ಸಿಕ್ಕಿದ್ದನ್ನೇ ಹಿಡಿದು, ನೋಡಿರಿ, ಹೆತ್ತ ಅಪ್ಪನನ್ನೇ ಹೇಗೆ ಸಿಕ್ಕಿಸಿದಳು, ಇವಳು ಹುಟ್ಟಾ ವಕೀಲೆ ಎಂದು ಕೂಗಿದರು. ಬಸವಪ್ರಭು ಎಲೆ ಜಗಿಯುವುದನ್ನು ನಿಲ್ಲಿಸಿ, ಕಾಯಿದೆಯ ಮೇಲೆ ನಿಮಗೆ ಯಾಕೆ ಇಷ್ಟು ಮೋಹ ಎಂದು ಸಮಾಧಾನದಿಂದ ಕೇಳಿದರು.

ಗೂಳಪ್ಪನವರು ಕೂತುಬಿಟ್ಟರು. ನಮ್ಮಪ್ಪ ತೀರಿಕೊಂಡ ವರ್ಷ ಲಾ ಕಾಲೇಜು ಸೇರುವವನಿದ್ದೆ, ಸೇರಿದ್ದು ಟ್ರಾನ್ಸ್‌ಪೋರ್ಟ್ ಆಫೀಸಿನ ಕಾರಕೂನಿಕೆ ಎಂದರು. “ಬಸ್ಸು ದಿನಾ ಆ ಕಾಲೇಜಿನ ಮುಂದ ಹಾದು ಹೋಗ್ತದ್ರಿ. ಇವತ್ತಿಗೂ ಆ ಕಡೆ ಕಿಟಕೀನ ಹಿಡೀತೇನಿ.” ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಹೇಳಿ ಅವರಿಗೇ ಅಳು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಸ್ನೇಹಲ್ ಮುಖ ಸಣ್ಣದು ಮಾಡಿಕೊಂಡು, ಆಗಲಿ ಮಾಮಾ, ನಾನು ಕಾಯಿದೆಯನ್ನೇ ಓದುತ್ತೇನೆ ಎಂದಳು.

ಬಸವಪ್ರಭು ಕೈ ಎತ್ತಿದರು. ಸಂಜೆಯ ಹೊತ್ತು ಕಾಯಿದೆ ಕಲಿಸುವ ತರಗತಿ ಪುಣೆಯಲ್ಲೇ ಇದೆ, ವಯಸ್ಸಿನ ಅಡ್ಡಿಯಿಲ್ಲ, ತಮ್ಮ ಗಿರಾಕಿಯೊಬ್ಬರು ಹೋಗುತ್ತಾರೆ ಎಂದರು. ಆಮೇಲೆ ತೀರ್ಪು ಬಂತು.

“ಹಸಿವಿ ಯಾರಿಗದನೋ ಅವರ ಉಣಬೇಕ್ರಿ ಗೂಳಪ್ಪನವರ. ಕೂಸು ಇಟಾಲಿಯನ್ ಓದಲಿ. ಕಾಯಿದೆಗೆ ನೀವು ಹೋಗ್ರಿ.”

ಹೀಗೆ ಗೂಳಪ್ಪನವರು ಇಸ್ತ್ರಿ ಅಂಗಿ ತೊಟ್ಟು ತರಗತಿಗೆ ಹೋದರು. ಒಳಗೆ ಕಾಲಿಟ್ಟಕೂಡಲೇ ಹುಡುಗರೆಲ್ಲ ಪ್ರಾಧ್ಯಾಪಕರೆಂದು ಎದ್ದು ನಿಂತರು. ಇವರು ಗಾಬರಿಯಿಂದ, ಆದರೂ ಕೊಂಚ ಗತ್ತಿನಿಂದ, ಕೂಡ್ರಿ ಎಂದು ಸನ್ನೆ ಮಾಡಿದರು. ಹಿಂದಿನಿಂದ ಬಂದ ನಿಜವಾದ ಪ್ರಾಧ್ಯಾಪಕಿ, ಸ್ನೇಹಲ್‌ಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು, ನೀವೂ ಕೂಡ್ರಿ ಕಾಕಾ ಎಂದಳು.

ರಾತ್ರಿ ಊಟಕ್ಕೆ ಕೂತಾಗ ಗೂಳಪ್ಪನವರು ತಾವೇ ಕಂಡುಹಿಡಿದವರಂತೆ ಮೊದಲ ಪಾಠವನ್ನು ಗಂಭೀರವಾಗಿ ಸಾರಿದರು: ಎದುರಿನವರ ಮಾತು ಕೇಳದೆ ಅವರ ವಿಷಯದಲ್ಲಿ ಯಾವುದನ್ನೂ ತೀರ್ಮಾನಿಸಬಾರದು, ಇದು ಕಾಯಿದೆಯ ಬುನಾದಿ. ಸ್ನೇಹಲ್ ತಟ್ಟೆ ನೋಡತೊಡಗಿದಳು. ಗೌರಾಬಾಯಿ ರೊಟ್ಟಿ ಬಡಿಸುತ್ತ ಕೇಳಿದರು.

“ಇದನ್ನ ಕಲಿಸಾಕ ಅವರು ಫೀಜೂ ತಗೊಂಡ್ರೇನ್ರಿ?”

ಇದಕ್ಕೆ ಕೊಡಬೇಕಾದ ಜವಾಬು ಮುಂದಿನ ಪಾಠದಲ್ಲಿ ಇರಬಹುದೆಂದುಕೊಂಡು ಗೂಳಪ್ಪನವರು ರೊಟ್ಟಿ ಮುರಿದರು.