ಮಾವನವರ ದನಿಗೆ ಹನ್ನೆರಡು ವೋಲ್ಟ್

"ಕೋಟನ್ನೇ ಪೂರ್ತಿ ಬಿಚ್ಚಿ ಮತ್ತೆ ಹೊಲಿಯೋನು ನಾನು! ಮೋಟಾರಿಗೆ ಕರೆಂಟು ಕೊಡೋ ಒಂದು ಡಬ್ಬಿ ಯಾವ ಲೆಕ್ಕ? ಬಿಚ್ತೀನಿ, ನೋಡ್ತೀನಿ, ಜೋಡಿಸ್ತೀನಿ!"

ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈಲರ್ ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಹೆಂಡತಿ ಮತ್ತು ಅತ್ತೆ. ಘೋಷಣೆಯೇನೋ ವೀರನದ್ದು, ಕಂಠ ಮಾತ್ರ ಕೀಚಲು. ಫೋನು ಮಾಡಿದ ಗಿರಾಕಿಗಳು, "ಮೇಡಂ, ಟೈಲರ್ ಇದ್ದಾರಾ?" ಎಂದೇ ಕೇಳುತ್ತಿದ್ದರು. ಹೆಂಡತಿಯಂತೂ, "ಕಂಠ ಅಂದ್ರೆ ನಮ್ಮಪ್ಪಂದು! ನಿಮ್ಮದು ಎಣ್ಣೆ ಕಾಣದ ಹೊಲಿಗೆ ಮಿಷನ್ನು" ಎಂದು ಛೇಡಿಸುತ್ತಿದ್ದಳು.

ಆ ಅಪ್ಪ ಅವಳು ಮಾತು ಕಲಿಯುವ ಮೊದಲೇ ತೀರಿಹೋಗಿದ್ದರು. ಹೋಗುವ ಮುಂಚೆ ಸ್ಟುಡಿಯೋದಲ್ಲಿ ಮಗಳಿಗೊಂದು ಕಥೆ ಹೇಳಿ ರೆಕಾರ್ಡು ಮಾಡಿಸಿಟ್ಟಿದ್ದರು. ಅದನ್ನು ಕೇಳಿಸಲೆಂದೇ ಅತ್ತೆ ಆಮೇಲೆ ಹಳೇ ಸಾಮಾನಿನ ಅಂಗಡಿಯಿಂದ ಒಂದು ರೆಕಾರ್ಡ್ ಪ್ಲೇಯರು ತಂದಿದ್ದರು. "ಪುಟ್ಟೀ, ಕಣ್ಣು ಮುಚ್ಕೋ, ಕಥೆ ಹೇಳ್ತೀನಿ..." ಬಾವಿಯ ತಳದಿಂದ ಬಂದಂಥ ಆಳವಾದ, ನಿಧಾನವಾದ ದನಿ. ಮನಸ್ಸು ಕೆಟ್ಟ ದಿನ ಹೆಂಡತಿ ಅದನ್ನು ಹಾಕಿಕೊಂಡು ನಿಜವಾಗಿಯೂ ಕಣ್ಣು ಮುಚ್ಚುತ್ತಿದ್ದಳು. ಈಚೆಗೆ ಪ್ಲೇಯರಿನ ಕರೆಂಟು ಡಬ್ಬಿ ಗುಂಯ್‌ಗುಟ್ಟತೊಡಗಿತ್ತು. ಅಪ್ಪನ ದನಿಗೆ ನಡುಕ ಬಂದು, ಮೊನ್ನೆ ನಿಂತೇ ಹೋಯಿತು. ಅವಳು ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡವಳಂತೆ ಊಟ ಬಿಟ್ಟು ಕೂತಳು. ಟೈಲರಿಗೆ ಅದನ್ನು ನೋಡಲಾಗಲಿಲ್ಲ.

"ರಿಪೇರಿಯವನಿಗೆ ಕೊಡೋಣ ರೀ."

"ನಾನು ಬದುಕಿರೋವಾಗ್ಲಾ?"

ಡಬ್ಬಿ ಬಿಚ್ಚಿದ. ಒಳಗೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು ಒಂದು ಕೆಪಾಸಿಟರು. ಹೊಸದನ್ನು ತಂದು ಬೆಸುಗೆ ಹಾಕಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಮೋಟಾರಿಗೆ ಹೋಗುವ ಎರಡು ತಂತಿಗಳು ಉದ್ದವಾಗಿ ಜೋತಾಡುತ್ತಿದ್ದವು. ಜೋತಾಡುವ ದಾರ ಕಂಡರೆ ಟೈಲರಿನ ಕೈ ತನ್ನಿಂದ ತಾನೇ ಕತ್ತರಿಗೆ ಹೋಗುತ್ತದೆ! ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ ನೀಟು ಮಾಡಿದ. ಯಾವುದು ಪ್ಲಸ್ಸು ಎಂದು ತೋರಿಸುವ ಕೆಂಪು ಗುರುತು ಕತ್ತರಿಸಿ ಬಿದ್ದ ತುಂಡಿನ ಮೇಲಿತ್ತು.

ಅಂದಾಜಿನ ಮೇಲೆ ಜೋಡಿಸಿ ಸ್ವಿಚ್ಚು ಒತ್ತಿದ. ತಟ್ಟೆ ತಿರುಗಿತು. ರೆಕಾರ್ಡಿನ ನಡುವೆ ಮುಳ್ಳು ಇಟ್ಟ. ಮಾವನವರು ಮಾತಾಡಿದರು, ಆದರೆ ಹಿಂದುಮುಂದಾಗಿ! ಕಥೆ ಕೊನೆಯಿಂದ ಮೊದಲಿಗೆ ನಡೆದು ಅರ್ಥವಿಲ್ಲದ ಗೊರಗೊರ ಹೊರಟಿತು.

"ಅಯ್ಯೋ! ನಮ್ಮಪ್ಪನಿಗೆ ಏನ್ರೀ ಮಾಡಿದ್ರಿ?"

"ಒಳಮೈ ಹೊರಗಾಗಿದೆ ಅಷ್ಟೇ! ತಿರುಗಿಸಿ ಹೊಲಿದ್ರೆ ಸರಿಹೋಗುತ್ತೆ!"

"ಆ ರೆಕಾರ್ಡಿಗೆ ಒಂದು ಗೀರು ಬಿದ್ರೂ ನಾನು ನಿಮ್ಮ ಜೊತೆ ಮಾತಾಡಲ್ಲ, ಹೇಳಿರ್ತೀನಿ."

ಆ ಗಡಿಬಿಡಿಯಲ್ಲಿ ಸ್ವಿಚ್ಚು ಆರಿಸದೆಯೇ ತಂತಿ ಅದಲು ಬದಲು ಮಾಡಲು ಹೋದ. ಚಟ್ ಎಂದಿತು. ಮನೆಯ ಫ್ಯೂಸು ಹೋಯಿತು, ಡಬ್ಬಿ ಸುಟ್ಟಿತು, ಎಡಗಡೆಯ ಮೀಸೆ ಕಮರಿತು. ಅತ್ತೆ ಮೂಲೆಯಲ್ಲಿ ಕೂತು ಕತ್ತರಿಸಿ ಬಿದ್ದ ತಂತಿಯ ತುಂಡುಗಳನ್ನು ಆಯತೊಡಗಿದರು.

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಮೋಟಾರನ್ನು ಹೊರತೆಗೆದು ಕನ್ನಡಕ ಏರಿಸಿ ನೋಡಿದ. ಅದರ ಬೆನ್ನ ಮೇಲೆ ಹನ್ನೆರಡು ವೋಲ್ಟ್ ಎಂದಿತ್ತು. ಸುಟ್ಟ ಡಬ್ಬಿಯ ಮೇಲೆ ಒಂಬತ್ತು!

"ನೋಡೇ! ಮೂವತ್ತೆಂಟರ ಸೊಂಟಕ್ಕೆ ಮೂವತ್ತರ ಪ್ಯಾಂಟು ಹಾಕಿ ಮಾರಿದ್ದಾನೆ ಆ ಹಳೇ ಸಾಮಾನಿನವನು! ಪಾಪ, ಮೋಟಾರು ಇಷ್ಟು ವರ್ಷ ಅರೆಹೊಟ್ಟೆಯಲ್ಲಿ ನಿಧಾನಕ್ಕೆ ತಿರುಗಿದೆ!"

ಪೇಟೆಯಿಂದ ಹನ್ನೆರಡು ವೋಲ್ಟಿನ ಹೊಸ ಡಬ್ಬಿ ಬಂತು. ಮನೆಯ ಕರೆಂಟು ಏರಿದರೂ ಇಳಿದರೂ ಅಲುಗಾಡದ ಜಾತಿಯದು. ಈ ಸಲ ತಂತಿಗೆ ಕತ್ತರಿ ತೋರಿಸಲಿಲ್ಲ. ರೆಕಾರ್ಡನ್ನು ಬೆಳಕಿಗೆ ಹಿಡಿದು, ಗೀರು ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆ ಮುಳ್ಳು ಇಟ್ಟ.

"ಪುಟ್ಟೀ, ಕಣ್ಣು ಮುಚ್ಕೋ, ಕಥೆ ಹೇಳ್ತೀನಿ!"

ಕೀಚಲು ದನಿ. ಚುರುಕು, ತೆಳು, ಎಣ್ಣೆ ಕಾಣದ ಹೊಲಿಗೆ ಮಿಷನ್ನು.

ಹೆಂಡತಿ ಗಂಡನ ಬಾಯಿಯನ್ನೇ ದುರುಗುಟ್ಟಿ ನೋಡಿದಳು. "ತಮಾಷೆ ಮಾಡ್ಬೇಡಿ ರೀ."

"ನಾನು ಬಾಯೇ ತೆಗೆದಿಲ್ಲ ಕಣೇ!"

"ಹಾಗಾದ್ರೆ ಇದು ಯಾರು? ಇದು ನಮ್ಮಪ್ಪ ಅಲ್ಲ. ನನಗೆ ನಮ್ಮಪ್ಪ ಬೇಕು, ಮೊದಲಿನ ಹಾಗೇ ಮಾಡಿಕೊಡಿ." ಅವಳ ಕಣ್ಣು ತುಂಬಿತು. ಟೈಲರಿಗೆ ಜೀವವೇ ಬಾಯಿಗೆ ಬಂತು. ಬೇಕಾದ್ದನ್ನು ಉಳಿಸಲು ಹೋಗಿ ಇದ್ದದ್ದನ್ನೂ ಕಳೆದಿದ್ದ.

ಆಗ ಮೂಲೆಯಿಂದ ಬಿಕ್ಕಳಿಕೆ ಕೇಳಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಇವರೇ ಕಣೇ ನಿಮ್ಮಪ್ಪ. ಹೀಗೇ ಮಾತಾಡ್ತಿದ್ರು. ಆ ದಪ್ಪ ದನಿ ಅವರದಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಾಯ್ತು, ಮಿಷನ್ನು ಅಂದ್ರೆ ಹೀಗೇ ಇರಬೇಕು ಅಂದ್ಕೊಂಡೆ. ನೀನು ಅದನ್ನೇ ಅಪ್ಪ ಅಂತ ಹಚ್ಕೊಂಡೆ. ಅಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಮಗಳು ಹೋಗಿ ಅಮ್ಮನ ಮಡಿಲ ಬಳಿ ಕೂತಳು. ರೆಕಾರ್ಡಿನಲ್ಲಿ ಕಥೆ ನಡೆದೇ ಇತ್ತು. ಈಗಷ್ಟೇ ಪರಿಚಯವಾದ ಆ ಅಪ್ಪನ ಮಾತನ್ನು ಅವಳು ಮೆಲ್ಲಗೆ ಕಣ್ಣು ಮುಚ್ಚಿಕೊಂಡು ಕೇಳಿದಳು.

"ನಿನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದು 'ಒಳಗೆ ಯಾರಿದ್ದೀರಾ?' ಅಂದಾಗ ನಾನು ಅಡುಗೆಮನೆಯಿಂದ ಓಡಿ ಬಂದಿದ್ದೆ, ನೆನಪಿದೆಯಾ?" ಎಂದರು ಅತ್ತೆ. "ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಆವತ್ತೇ ಅಂದ್ಕೊಂಡೆ, ಅಳಿಯ ಅಂದ್ರೆ ಇವರೇ."

ಟೈಲರಿನ ಎದೆ ಎರಡು ಇಂಚು ಉಬ್ಬಿತು. ಉಳಿದ ಅರ್ಧ ಮೀಸೆಯನ್ನು ತಿರುವಿದ. "ಕೇಳಿದೆಯೇನೇ? ಇನ್ಮೇಲೆ ಈ ಕಂಠಕ್ಕೆ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡು! ಡಬ್ಬಿ ಬಿಚ್ಚಿದ್ದು ಯಾರು? ವೋಲ್ಟು ಕಂಡುಹಿಡಿದಿದ್ದು ಯಾರು? ನಾನಿಲ್ಲದೆ ಇದ್ದಿದ್ರೆ..."

"ದನಿ ಏನೋ ಒಂದೇ ಅಳಿಯಂದ್ರೇ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಅವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು."

ಟೈಲರ್ ಬಾಯಿ ತೆರೆದ. ಹೆಂಡತಿಯ ಮುಚ್ಚಿದ ಕಣ್ಣನ್ನು ನೋಡಿ, ಜೀವನದಲ್ಲಿ ಮೊದಲ ಬಾರಿಗೆ, ತನ್ನ ಬಾಯಿಗೆ ತಾನೇ ಹೊಲಿಗೆ ಹಾಕಿಕೊಂಡ.