ಲಗೇಜಣ್ಣ ಸಮುದ್ರಕ್ಕೆ ಹೋದದ್ದು

"ನೀವು ಹೇಗಿದ್ರೂ ಕೂತಿರ್ತೀರಲ್ಲ ಲಗೇಜಣ್ಣ, ಇದೊಂದನ್ನ ಸ್ವಲ್ಪ ನೋಡ್ಕೊಳ್ಳಿ," ಎಂದು ಮೇಲಿನ ಮನೆಯ ಮೇಷ್ಟ್ರು, ಹಡಗು ದ್ವೀಪ ಮುಟ್ಟುವ ಮೊದಲೇ ತಮ್ಮ ಚೀಲವನ್ನು ಅವನ ತೊಡೆಯ ಮೇಲಿಟ್ಟರು.

ರೈಲು ನಿಲ್ದಾಣದ ಲಗೇಜು ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡವರ ಪೆಟ್ಟಿಗೆ ಕಾಯುತ್ತಿದ್ದವನಿಗೆ ವಠಾರದವರು ಇಟ್ಟ ಹೆಸರು ಲಗೇಜಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಈ ದ್ವೀಪಕ್ಕೆ ಹೋಗಿಬಂದವರ ಚೀಲಗಳಿಂದ ದಿನಾ ಒಂದು ಹಿಡಿ ಮರಳು ಅವನ ಕೊಠಡಿಯ ನೆಲಕ್ಕೆ ಉದುರುತ್ತಿತ್ತು. ಗುಡಿಸುವಾಗ ಪೊರಕೆ ನಿಲ್ಲಿಸಿ, ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಮೂಸಿ, ಯಾರಾದರೂ ಕಂಡಾರೆಂದು ಷರಟಿಗೆ ಒರೆಸಿಕೊಳ್ಳುತ್ತಿದ್ದ. ಒಮ್ಮೆ ಸಮುದ್ರದಲ್ಲಿ ಕಾಲಿಟ್ಟು ನಿಲ್ಲಬೇಕು. ಅವನ ಆಸೆ ಅಷ್ಟೇ. ವಠಾರದವರು ಒಂದು ದಿನದ ಪ್ರವಾಸ ಹೊರಟಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ಅವನೇ. ಸಂಜೆ ಐದಕ್ಕೆ ವಾಪಸು ಹಡಗು.

ಮೊದಲು ಬೆಟ್ಟ. ತಂತಿಗೆ ಜೋತುಬಿದ್ದು ಮೇಲೇರುವ ರೋಪ್‌ವೇ ಡಬ್ಬಿಯಲ್ಲಿ ಹೋಗಬೇಕು, ಚೀಲ ಒಯ್ಯುವಂತಿಲ್ಲ. ವಠಾರದ ಅಷ್ಟೂ ಕಣ್ಣು ಒಟ್ಟಿಗೆ ಅವನ ಕಡೆ ತಿರುಗಿದವು.

"ನಿಮ್ದು ಅದೇ ಕೆಲಸ ಅಲ್ವಾ," ಎಂದಳು ಪಕ್ಕದ ಮನೆಯ ನರ್ಸಮ್ಮ. "ನಮಗೆಲ್ಲ ಅಭ್ಯಾಸ ಇಲ್ಲ ನೋಡಿ."

"ಬೆಟ್ಟ ಇಲ್ಲಿಂದ್ಲೂ ಚೆನ್ನಾಗೇ ಕಾಣತ್ತೆ," ಎಂದರು ಮೇಷ್ಟ್ರು.

ಲಗೇಜಣ್ಣನ ಹೆಂಡತಿ ಅವನನ್ನು ಪಕ್ಕಕ್ಕೆ ಎಳೆದು ಗದರಿದಳು. "ಇಲ್ಲ ಅನ್ನೋಕೆ ನಿಮಗೇನು ನಾಲಿಗೆ ಸವೆಯತ್ತಾ? ಎಲ್ಲರನ್ನೂ ತಲೆ ಮೇಲೆ ಕೂರಿಸ್ಕೊಂಡಿದೀರಿ." ಹಾಗೆಂದು ತನ್ನ ಕೈಚೀಲವನ್ನೂ ರಾಶಿಯ ಮೇಲಿಟ್ಟು ಡಬ್ಬಿ ಹತ್ತಿದಳು.

ಬೆಟ್ಟದ ಬುಡದಲ್ಲಿ ಲಗೇಜಣ್ಣ ಕಾವಿಗೆ ಕೂತ ಕೋಳಿಯಂತೆ ಕೂತ. ತುದಿಯಿಂದ ನೋಡಿದರೆ ದ್ವೀಪದ ಸುತ್ತಲೂ ಸಮುದ್ರವೇ ಸಮುದ್ರವಂತೆ. ಮೇಷ್ಟ್ರು ಇಳಿದು ಬಂದು ಪಾಠ ಮಾಡಿದರು.

ಆಮೇಲೆ ಪೇಟೆ. ಬೀದಿ ತುಂಬ ತುತ್ತೂರಿ ಊದುವವರು, ಕುಣಿಯುವವರು. ಅವನ ಕಿವಿಗೆ ಸಂಗೀತ ಬಿತ್ತು, ಕಣ್ಣಿಗೆ ಜನರ ಬೆನ್ನು ಕಂಡಿತು. ಗಳಿಗೆಗೊಬ್ಬರು ಅಂಗಡಿಯಿಂದ ಹೊರಬಂದು ಹೊಸ ಚೀಲ ಇಟ್ಟು ಇನ್ನೊಂದು ಅಂಗಡಿಗೆ ನುಗ್ಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ದಾರಿಹೋಕಳೊಬ್ಬಳು ರಾಶಿಯ ಮೇಲಿನ ಟೋಪಿ ಎತ್ತಿ ಅವನನ್ನು ಬೆಲೆ ಕೇಳಿದಳು.

ಕಡಲತೀರ ಬಂದಾಗ ಮೂರೂವರೆ. ಬಸ್ಸಿನಲ್ಲೇ ಪ್ಯಾಂಟು ಮಡಚಿಕೊಂಡಿದ್ದ. ಇಳಿದದ್ದೇ ತಡ, ಫೋನು, ಗಡಿಯಾರ, ಕನ್ನಡಕ, ಚಪ್ಪಲಿ ಎಲ್ಲವೂ ಅವನ ಸುತ್ತ ಬಂದು ಬಿದ್ದವು. ಕೊನೆಗೆ ವಠಾರದ ದರ್ಜಿ ತನ್ನ ಅತ್ತೆಯ ಕೈಹಿಡಿದು ಕರೆತಂದ.

"ಇವರನ್ನೂ ಸ್ವಲ್ಪ ನೋಡ್ಕೊಳ್ಳಿ ಲಗೇಜಣ್ಣ. ಬಿಸಿಲಿಗೆ ತಲೆ ಸುತ್ತತ್ತೆ."

ಅಲೆಗೂ ಅವನಿಗೂ ನಲವತ್ತು ಹೆಜ್ಜೆ. ಎರಡು ಹೆಜ್ಜೆ ಮುಂದಿಟ್ಟರೆ ನರ್ಸಮ್ಮ ಸೊಂಟದುದ್ದ ನೀರಿನಿಂದಲೇ "ನನ್ನ ಫೋನು, ಲಗೇಜಣ್ಣ" ಎನ್ನುವಳು. ಅವನು ಹಿಂದೆ ಸರಿಯುವನು. ಅಲೆಯೂ ಹಾಗೇ, ಬಂದಂತೆ ಮಾಡಿ ಹಿಂದೆ ಸರಿಯುತ್ತಿತ್ತು.

"ಯಾಕಪ್ಪ, ನೀರನ್ನ ಹಾಗೆ ಕಣ್ಣಲ್ಲೇ ಕುಡೀತಿದೀಯ?" ಎಂದರು ದರ್ಜಿಯ ಅತ್ತೆ.

"ಒಂದ್ಸಲ ಕಾಲಿಟ್ಟು ಬರೋಣ ಅಂತಿತ್ತು, ಅಮ್ಮ."

"ಬಂದರಿನ ಹತ್ರ ಲಗೇಜು ಕೊಠಡಿ ಇದೆಯಲ್ಲ. ಈ ಗಂಟುಮೂಟೆಯೆಲ್ಲ ಅಲ್ಲಿ ಹಾಕು."

ಲಗೇಜಣ್ಣನಿಗೆ ನಾಚಿಕೆಯಾಯಿತು. ಅಂಥ ಜಾಗವನ್ನೇ ನಂಬಿ ಬದುಕಿದವನಿಗೆ ಇದು ಹೊಳೆದಿರಲಿಲ್ಲ. "ಮತ್ತೆ ನೀವು?"

"ನಾನೇನು ಚೀಲವೇನೋ?" ಎಂದವರೇ ಕೋಲೂರಿಕೊಂಡು ಅಳಿಯನಿದ್ದ ನೀರಿನ ಕಡೆ ನಡೆದುಬಿಟ್ಟರು.

ತಳ್ಳುಗಾಡಿಯೊಂದರಲ್ಲಿ ಎಲ್ಲವನ್ನೂ ಹೇರಿಕೊಂಡು ಅವನು ಕೊಠಡಿ ಮುಟ್ಟಿದಾಗ ನಾಲ್ಕೂಕಾಲು. ಕಿಟಕಿಯಾಚೆಯೇ ಸಮುದ್ರ. ಒಳಗಿದ್ದ ಸಣಕಲ ಮನುಷ್ಯ ಒಂದೊಂದೇ ಚೀಲಕ್ಕೆ ಚೀಟಿ ಕಟ್ಟತೊಡಗಿದ. ಬಾಯಿ ಮುಚ್ಚಿಕೊಂಡು ರಶೀದಿ ಪಡೆದು ಓಡಿದ್ದರೆ ಲಗೇಜಣ್ಣನ ಜನ್ಮ ಸಾರ್ಥಕವಾಗುತ್ತಿತ್ತು. ಆದರೆ ಆ ಮನುಷ್ಯ ಗಂಟು ಹಾಕುತ್ತಿದ್ದ ರೀತಿ ನೋಡಲಾಗಲಿಲ್ಲ.

"ಆ ಗಂಟು ನಿಲ್ಲಲ್ಲ ಸ್ವಾಮಿ. ಹಿಡಿಯ ಕೆಳಗಿಂದ ಇನ್ನೊಂದು ಸುತ್ತು ತನ್ನಿ. ಕೊಡಿ ಇಲ್ಲಿ," ಎಂದು ತಾನೇ ಕಟ್ಟಿ ತೋರಿಸಿದ.

ಸಣಕಲ ಮನುಷ್ಯ ಗಂಟನ್ನು ಎಳೆದು ನೋಡಿದ. ಆಮೇಲೆ ಇವನ ಮುಖ ನೋಡಿದ. "ನೀವೂ ಇದೇ ಕಸುಬಾ?"

"ಇಪ್ಪತ್ತೆರಡು ವರ್ಷ," ಎಂದ ಲಗೇಜಣ್ಣ. ಎದೆ ಒಂದಿಷ್ಟು ಉಬ್ಬಿತು.

ಆ ಮನುಷ್ಯ ಕೌಂಟರಿನ ಹಲಗೆ ಎತ್ತಿ, ಅವನ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡ.

"ನಾನು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಸಾರ್. ದಿನವಿಡೀ ಅಲೆ ಸದ್ದು ಕೇಳ್ತೀನಿ, ಒಂದಿನಾನೂ ನೀರಿಗೆ ಕಾಲಿಟ್ಟಿಲ್ಲ. ಬಿಟ್ಟು ಹೋಗೋಣ ಅಂದ್ರೆ ಯಾರನ್ನ ನಂಬಲಿ ಹೇಳಿ, ಜನರ ಸಾಮಾನು. ಇವತ್ತು ದೇವರು ಬಂದ ಹಾಗೆ ಬಂದಿದೀರಿ. ಹತ್ತೇ ನಿಮಿಷ."

'ಇಲ್ಲ' ಎಂಬ ಮಾತು ಲಗೇಜಣ್ಣನ ಗಂಟಲವರೆಗೂ ಬಂತು. ಆ ಮನುಷ್ಯ ಆಗಲೇ ಪ್ಯಾಂಟು ಮಡಚುತ್ತಿದ್ದ.

"ಹೋಗಿ ಬನ್ನಿ," ಎಂದ ಲಗೇಜಣ್ಣ. "ನಿಧಾನ ಹೋಗಿ."

ಬಾಗಿಲವರೆಗೆ ಓಡಿದವನು ತಿರುಗಿ ಬಂದು, ಚಪ್ಪಲಿ ಕಳಚಿ ಕೌಂಟರಿನ ಕೆಳಗಿಟ್ಟ.

"ಇದನ್ನೂ ಸ್ವಲ್ಪ ನೋಡ್ಕೊಳ್ಳಿ, ಸಾರ್."

"ಆಯ್ತು."

ಕಿಟಕಿಯಷ್ಟಗಲದ ಸಮುದ್ರದಲ್ಲಿ ಸಣಕಲ ಮನುಷ್ಯ ಮೊಣಕಾಲುದ್ದ ನೀರಿಗಿಳಿದು ಅಲ್ಲಾಡದೆ ನಿಂತ. ಒಂದು ಅಲೆ ಬಂತು, ಇನ್ನೊಂದು ಬಂತು. ಆಮೇಲೆ ಅವನು ನೀರಿನಲ್ಲೇ ಬಲಕ್ಕೆ ನಡೆಯುತ್ತ, ನಡೆಯುತ್ತ, ಕಿಟಕಿಯ ಚೌಕಟ್ಟು ದಾಟಿ ಹೋದ. ಬಂದರಿನಲ್ಲಿ ಹಡಗು ಮೊದಲ ಕೂಗು ಹಾಕಿತು.